ಸಂದೇಹವಿಲ್ಲದ ಭಯ

ಮಗುವಿನ ಮುಖವನ್ನು ಕಂಡು ಅಂಜುವುದು ಮನುಷ್ಯನಿಗೆ ಸಹಜವಾದ ಭಾವವಲ್ಲ. ಹಾವಿಗೆ, ಕತ್ತಲೆಗೆ, ಅಪರಿಚಿತನ ಹೆಜ್ಜೆಯ ಸದ್ದಿಗೆ ಅಂಜುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮಗುವಿಗೆ ಅಂಜಬೇಕಾದರೆ ಮಾತ್ರ ಮನಸ್ಸು ಮೊದಲು ತನ್ನ ಸ್ವಭಾವಕ್ಕೆ ವಿಮುಖವಾಗಬೇಕು. ಆ ವೈಮುಖ್ಯ ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ಮನೆಯನ್ನೂ ಮನಸ್ಸನ್ನೂ ಹೇಗೆ ಸುಡುತ್ತದೆ ಎಂಬುದನ್ನು ಶೋಧಿಸಬಲ್ಲ ಕಥೆಗೆ ನೀತಿವಿಚಾರದಲ್ಲಿ ಒಂದು ಸ್ಥಾನವುಂಟು. ಭಯಾನಕ ಚಿತ್ರವೆಂದರೆ ಮೂಗು ಮುರಿಯುವ ವಿಚಾರವಂತರು ಸಹ ಈ ಬಗೆಯ ಕಥೆಯನ್ನು ಹಾಗೆಯೇ ತಳ್ಳಿಹಾಕಲಾರರು. ಆದರೆ ಶೋಧನೆಯನ್ನು ಬಿಟ್ಟು ಕೇವಲ ಅಂಜಿಕೆಯನ್ನು ಉಳಿಸಿಕೊಂಡಾಗ ಅದೇ ಕಥೆ ಎಷ್ಟು ಬಡವಾಗುತ್ತದೆ, ಬಡವಾಗುವುದಷ್ಟೇ ಅಲ್ಲ, ಎಂತಹ ಸಂಶಯಾಸ್ಪದ ಸರಕಾಗುತ್ತದೆ ಎಂಬುದಕ್ಕೆ ಅಮೆರಿಕದ ದೂರದರ್ಶನಕ್ಕಾಗಿ ತಯಾರಾದ ‘ಓಮೆನ್ 4: ದಿ ಅವೇಕನಿಂಗ್’ ಒಂದು ನಿದರ್ಶನ.

ಫಾಕ್ಸ್ ವಾಹಿನಿ ಈ ಚಿತ್ರವನ್ನು 1991ರ ಮೇ 20ರಂದು ಪ್ರಸಾರ ಮಾಡಿತು. 1976ರಲ್ಲಿ ರಿಚರ್ಡ್ ಡೊನರ್ ನಿರ್ದೇಶಿಸಿದ ‘ದಿ ಓಮೆನ್’, 1978ರ ‘ಡೇಮಿಯನ್: ಓಮೆನ್ 2’, 1981ರ ‘ದಿ ಫೈನಲ್ ಕಾನ್‌ಫ್ಲಿಕ್ಟ್’ ಇವುಗಳ ಬಳಿಕ ಅದೇ ನಿರ್ಮಾಪಕ ಹಾರ್ವೆ ಬರ್ನ್‌ಹಾರ್ಡ್ ಹತ್ತು ವರ್ಷಗಳ ತರುವಾಯ ಹೊರತಂದ ನಾಲ್ಕನೆಯ ಚಿತ್ರವಿದು. ಚಿತ್ರಕಥೆ ಬ್ರಯನ್ ಟ್ಯಾಗರ್ಟ್ ಅವರದು. ನಿರ್ದೇಶನವನ್ನು ಆರಂಭಿಸಿದ ಡೊಮಿನಿಕ್ ಒತ್ನಾ-ಜಿರಾರ್ ನಡುವೆಯೇ ಹೊರನಡೆದರು. ಉಳಿದುದನ್ನು ಹೋರ್ಹೆ ಮೊಂಟೇಸಿ ಪೂರೈಸಿದರು. ಇಬ್ಬರ ಹೆಸರೂ ಶೀರ್ಷಿಕೆಯಲ್ಲಿದೆ. ಒಂದು ಚಿತ್ರಕ್ಕೆ ಇಬ್ಬರು ಸಾರಥಿಗಳಿದ್ದುದು ನೋಡುವವನಿಗೆ ತಿಳಿಯದೆ ಇರುವುದಿಲ್ಲ: ಒಂದು ದೃಶ್ಯ ಗಂಭೀರವಾಗಿ ಆರಂಭವಾಗಿ ಮುಂದಿನದು ನಗೆಪಾಟಲಿಗೆ ಇಳಿಯುವುದು ಇಲ್ಲಿ ಪದೇ ಪದೇ ನಡೆಯುತ್ತದೆ.

ಕಥೆಯನ್ನು ಹೇಳುವುದು ಕಷ್ಟವಲ್ಲ. ವರ್ಜೀನಿಯಾ ರಾಜ್ಯದ ಜೀನ್ ಯಾರ್ಕ್ ಮತ್ತು ಕರೆನ್ ಯಾರ್ಕ್ ಮಕ್ಕಳಿಲ್ಲದ ದಂಪತಿ. ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ಅನಾಥಾಲಯದಿಂದ ಒಂದು ಹೆಣ್ಣು ಕೂಸನ್ನು ದತ್ತು ಪಡೆದು ಡೀಲಿಯಾ ಎಂದು ಹೆಸರಿಡುತ್ತಾರೆ. ಜೀನ್ ವಕೀಲ, ಕ್ರಮೇಣ ರಾಜಕೀಯಕ್ಕೆ ಇಳಿದು ಅಮೆರಿಕದ ಸಂಸತ್ತಿಗೆ ಆಯ್ಕೆಯಾಗುತ್ತಾನೆ. ಡೀಲಿಯಾಗೆ ಎಂಟು ವರ್ಷ ತುಂಬುವ ಹೊತ್ತಿಗೆ ಅವಳ ಸುತ್ತ ಅನಾಹುತಗಳ ಸಾಲು ಆರಂಭವಾಗಿರುತ್ತದೆ. ಶಾಲೆಯಲ್ಲಿ ಅವಳನ್ನು ಪೀಡಿಸಿದ ಹುಡುಗ ಅವಳ ಒಂದು ನೋಟಕ್ಕೆ ನಡುಗಿ ಉಚ್ಚೆ ಹೊಯ್ದುಕೊಳ್ಳುತ್ತಾನೆ. ಜಗಳಕ್ಕೆ ಬಂದ ಅವನ ತಂದೆ ಮೋಟಾರು ಅಪಘಾತದಲ್ಲಿ ರುಂಡ ಕಳೆದುಕೊಳ್ಳುತ್ತಾನೆ. ಮಗುವನ್ನು ನೋಡಿಕೊಳ್ಳಲು ಬಂದ ದಾದಿ ಕಿಟಕಿಯಿಂದ ಬಿದ್ದು ಸಾಯುತ್ತಾಳೆ. ಸಂಶಯಗ್ರಸ್ತಳಾದ ಕರೆನ್ ಮಗುವಿನ ಹೆತ್ತವರನ್ನು ಹುಡುಕಲು ನೇಮಿಸಿದ ಖಾಸಗಿ ಪತ್ತೇದಾರ ಕಟ್ಟಡ ಕೆಡಹುವ ಕಬ್ಬಿಣದ ಗುಂಡಿಗೆ ಬಲಿಯಾಗುತ್ತಾನೆ. ಇಷ್ಟರಲ್ಲಿ ಮಕ್ಕಳಾಗದೆಂದುಕೊಂಡಿದ್ದ ಕರೆನ್ ಗರ್ಭ ಧರಿಸಿ ಅಲೆಕ್ಸಾಂಡರ್ ಎಂಬ ಗಂಡುಮಗುವನ್ನು ಹೆರುತ್ತಾಳೆ. ಕೊನೆಗೆ ಹೊರಬೀಳುವ ರಹಸ್ಯವೆಂದರೆ, ಡೀಲಿಯಾ ಮೊದಲ ಮೂರು ಚಿತ್ರಗಳ ಖಳನಾದ ಡೇಮಿಯನ್ ಥಾರ್ನ್‌ನ ಮಗಳು. ಅವಳ ದೇಹದೊಳಗೆ ಅವಳ ಅವಳಿಯ ಭ್ರೂಣವೊಂದು ಅಡಗಿತ್ತು. ಮನೆಯ ವೈದ್ಯನೇ ಅದನ್ನು ತೆಗೆದು ಕರೆನ್‌ಳ ಗರ್ಭದಲ್ಲಿ ನೆಲೆಗೊಳಿಸಿದ್ದ. ನಿಜವಾದ ಕ್ರಿಸ್ತವಿರೋಧಿ ಹುಡುಗಿಯಲ್ಲ, ಅವಳ ತಮ್ಮ. ಹುಡುಗಿ ಕೇವಲ ಕಾವಲುಗಾತಿ.

ಈ ಕೊನೆಯ ವಿವರವನ್ನು ಓದಿ ಯಾರಾದರೂ ಮುಗುಳ್ನಕ್ಕರೆ ಅವರದು ತಪ್ಪಲ್ಲ.

ಆದರೆ ಕಥೆಯ ಅಸಂಭಾವ್ಯತೆ ಈ ಚಿತ್ರದ ಮುಖ್ಯ ದೋಷವಲ್ಲ. 1976ರ ಮೂಲಚಿತ್ರದ ಕಥೆಯನ್ನೂ ಒಂದು ಹಾಳೆಯಲ್ಲಿ ಬರೆದರೆ ಅಷ್ಟೇ ಅಸಂಭಾವ್ಯವಾಗಿ ಕಾಣುತ್ತದೆ. ಆದರೂ ಆ ಚಿತ್ರ ಅರ್ಧ ಶತಮಾನದ ಮೇಲೂ ಉಳಿದಿದೆ, ಈ ಚಿತ್ರ ಪ್ರಸಾರವಾದ ವಾರದಲ್ಲೇ ಹಳತಾಯಿತು. ಕಾರಣವನ್ನು ಹುಡುಕಬೇಕಾದರೆ ಮೂಲಚಿತ್ರದ ಬಳಿಗೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಡೇವಿಡ್ ಸೆಲ್ಟ್ಜರ್ ಬರೆದ ಆ ಕಥೆ ಸೈತಾನನಿಂದ ಆರಂಭವಾಗುವುದಿಲ್ಲ. ಒಂದು ಸುಳ್ಳಿನಿಂದ ಆರಂಭವಾಗುತ್ತದೆ. ರೋಮ್ ನಗರದ ಆಸ್ಪತ್ರೆಯೊಂದರಲ್ಲಿ ಅಮೆರಿಕದ ರಾಜತಾಂತ್ರಿಕ ರಾಬರ್ಟ್ ಥಾರ್ನ್‌ಗೆ ಅವನ ಮಗು ಹುಟ್ಟಿದೊಡನೆ ತೀರಿಕೊಂಡಿತೆಂದು ತಿಳಿಸಲಾಗುತ್ತದೆ. ಅದೇ ರಾತ್ರಿ ತಾಯಿಯನ್ನು ಕಳೆದುಕೊಂಡ ಬೇರೊಂದು ಶಿಶು ಅಲ್ಲಿದೆ. ಅದನ್ನೇ ನಿನ್ನ ಮಗುವೆಂದು ಸ್ವೀಕರಿಸು, ಹೆಂಡತಿಗೆ ತಿಳಿಯುವ ಅಗತ್ಯವಿಲ್ಲ ಎಂದು ಪಾದ್ರಿ ಸೂಚಿಸುತ್ತಾನೆ. ಹೆಂಡತಿಯ ಮೇಲಿನ ಪ್ರೀತಿಯಿಂದ ಥಾರ್ನ್ ಒಪ್ಪುತ್ತಾನೆ. ಕರುಣೆಯಿಂದ ಹೇಳಿದ ಈ ಸುಳ್ಳು ಐದು ವರ್ಷಗಳ ಕಾಲ ಆ ಮನೆಯ ಅಡಿಪಾಯದಲ್ಲಿ ಕುಳಿತಿರುತ್ತದೆ. ಮುಂದೆ ಥಾರ್ನ್ ಬ್ರಿಟನ್ನಿನಲ್ಲಿ ರಾಯಭಾರಿಯಾದಾಗ ಹೆಂಡತಿ ಕ್ಯಾಥರಿನ್ ಮನೋವೈದ್ಯನ ಬಳಿ ಹೋಗಿ ಈ ಮಗು ತನ್ನದಲ್ಲವೆಂದೂ ಕೆಟ್ಟದ್ದೆಂದೂ ಹೇಳಿಕೊಳ್ಳುತ್ತಾಳೆ. ವೈದ್ಯ ಅದನ್ನು ಭ್ರಮೆಯೆಂದು ಪರಿಗಣಿಸಿ ಗಂಡನಿಗೆ ತಿಳಿಸುತ್ತಾನೆ. ಆ ಕೋಣೆಯಲ್ಲಿ ಗ್ರೆಗೊರಿ ಪೆಕ್ ಅವರ ಮುಖವನ್ನು ನೋಡಬೇಕು. ಹೆಂಡತಿಯ ಮಾತಿನ ಮೊದಲರ್ಧ ಭ್ರಮೆಯಲ್ಲವೆಂದು ಬಲ್ಲವನು ಆ ಕೋಣೆಯಲ್ಲಿ ಅವನೊಬ್ಬನೇ. ಬಾಯಿಬಿಟ್ಟರೆ ಅವಳ ಚಿತ್ತಸ್ವಾಸ್ಥ್ಯ ಉಳಿದೀತು. ಬಾಯಿಬಿಟ್ಟರೆ ತಾನು ಐದು ವರ್ಷ ಸುಳ್ಳುಗಾರನಾಗಿದ್ದುದು ಬಯಲಾದೀತು. ಅವನು ಸುಮ್ಮನಿರುತ್ತಾನೆ. ಭಯಾನಕ ಚಿತ್ರದ ನಡುವೆ ಇಂಥದೊಂದು ಮೌನವನ್ನು ಇಡಬಲ್ಲವರು ನೀತಿಯ ಸೂಕ್ಷ್ಮವನ್ನು ಅರಿತವರೇ ಸರಿ.

ಇದರ ಮುಂದಿನ ಮೆಟ್ಟಿಲು ಇನ್ನೂ ಕಠಿನವಾದುದು. ಥಾರ್ನ್ ಇಟಲಿಯ ಹಳೆಯ ಸ್ಮಶಾನವೊಂದರಲ್ಲಿ ಸಮಾಧಿಗಳನ್ನು ತೆರೆದಾಗ ಒಂದರಲ್ಲಿ ನರಿಜಾತಿಯ ಪ್ರಾಣಿಯ ಎಲುಬು, ಇನ್ನೊಂದರಲ್ಲಿ ತಲೆಬುರುಡೆ ಒಡೆದ ಶಿಶುವಿನ ಅಸ್ಥಿ ಕಾಣುತ್ತವೆ. ಅವನ ಸ್ವಂತ ಮಗು ಸತ್ತು ಹುಟ್ಟಿದ್ದಲ್ಲ, ಕೊಲ್ಲಲ್ಪಟ್ಟದ್ದು. ಅವನು ‘ದಯೆಯಿಂದ’ ಒಪ್ಪಿಕೊಂಡ ವ್ಯವಸ್ಥೆಯ ಬೆಲೆ ಅದು. ಆ ಬಳಿಕ ಬೈಬಲಿನ ಪ್ರಕಟನೆ ಗ್ರಂಥದಲ್ಲಿ ಹೇಳಿದ 666 ಎಂಬ ಗುರುತು ಮಗುವಿನ ನೆತ್ತಿಯಲ್ಲಿದೆಯೇ ಎಂದು ಅವನು ನಿದ್ರಿಸುವ ಹುಡುಗನ ಕೂದಲನ್ನು ಕತ್ತರಿಸಿ ನೋಡುತ್ತಾನೆ. ಗುರುತು ಇದೆ. ಆದರೂ ಕೈ ಏಳುವುದಿಲ್ಲ. ಕಟ್ಟಕಡೆಗೆ ಚರ್ಚಿನ ವೇದಿಕೆಯ ಮೇಲೆ, ಬೇಡವೆಂದು ಗೋಗರೆಯುವ ಐದು ವರ್ಷದ ಬಾಲಕನ ಮೇಲೆ ಕಠಾರಿ ಎತ್ತಿ ನಿಂತಾಗ, ನೋಡುವವನ ಮನಸ್ಸು ಎರಡಾಗಿ ಸೀಳುತ್ತದೆ. ಅವನು ಇರಿಯಲಿ ಎಂದು ಬಯಸುವ ಮನಸ್ಸನ್ನು ಕಂಡು ಅದೇ ಮನಸ್ಸಿನ ಇನ್ನೊಂದು ಪಾಲು ಹೇಸುತ್ತದೆ. ಪೊಲೀಸರ ಗುಂಡು ಥಾರ್ನ್‌ನನ್ನು ಕೆಡಹಿದಾಗ ಉಂಟಾಗುವ ಭಾವ ಪರಾಜಯದ್ದೋ ನೆಮ್ಮದಿಯದ್ದೋ ಎಂದು ನಿರ್ಧರಿಸುವುದು ಸುಲಭವಲ್ಲ.

ಚಿತ್ರದ ಪ್ರತಿಯೊಂದು ಸಾವನ್ನೂ ಕಾಕತಾಳೀಯವೆಂದು ವಿವರಿಸಲು ಸಾಧ್ಯವಾಗುವಂತೆ ಉಳಿಸಿಕೊಳ್ಳುವುದು ತಮ್ಮ ಆಶಯವಾಗಿತ್ತೆಂದು ಡೊನರ್ ಹೇಳಿಕೊಂಡಿದ್ದರು. ಮುರಿದುಬಿದ್ದ ಚರ್ಚಿನ ಲೋಹದಂಡ, ಇಳಿಜಾರಿನಲ್ಲಿ ಜಾರಿದ ವಾಹನದಿಂದ ಹಾರಿದ ಗಾಜಿನ ಹಲಗೆ, ಮಹಡಿಯ ಮೊಗಸಾಲೆಯಲ್ಲಿ ಮೂರು ಗಾಲಿಯ ಸೈಕಲ್ ಓಡಿಸುತ್ತಿದ್ದ ಮಗು ಕುರ್ಚಿಯ ಮೇಲೆ ನಿಂತಿದ್ದ ತಾಯಿಗೆ ಡಿಕ್ಕಿ ಹೊಡೆದದ್ದು: ಇವೆಲ್ಲ ದುರ್ದೈವವೂ ಆಗಿರಬಹುದು. ನರಿಯ ಎಲುಬು, ನೆತ್ತಿಯ ಗುರುತು ಬಂದಾಗ ಆಶಯ ಪೂರ್ತಿಯಾಗಿ ಉಳಿಯಲಿಲ್ಲವೆಂಬುದು ನಿಜ. ಆದರೆ ಅಷ್ಟು ಹೊತ್ತಿಗೆ ಸಂದೇಹ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ಚಿತ್ರವನ್ನು ನೋಡುತ್ತಿದ್ದವನು ಎರಡು ಗಂಟೆಗಳ ಪೈಕಿ ಬಹುಪಾಲು ಹೊತ್ತು, ‘ಈ ಮನುಷ್ಯ ಹುಚ್ಚನಾಗಿ ಒಬ್ಬ ನಿರಪರಾಧಿ ಬಾಲಕನನ್ನು ಕೊಲ್ಲಲು ಹೊರಟಿದ್ದಾನೆಯೇ?’ ಎಂಬ ಪ್ರಶ್ನೆಯೊಡನೆಯೇ ಕಳೆದಿರುತ್ತಾನೆ. ಆ ಪ್ರಶ್ನೆಯೇ ಚಿತ್ರದ ಪ್ರಾಣ.

ಎರಡನೆಯ ಚಿತ್ರ ಮೊದಲನೆಯದರಷ್ಟು ಬಿಗಿಯಾದುದಲ್ಲ. ಆದರೂ ಅದರಲ್ಲಿ ಮರೆಯಲಾಗದ ಒಂದು ಘಳಿಗೆಯಿದೆ. ಸೈನಿಕ ಶಾಲೆಯಲ್ಲಿ ಓದುತ್ತಿರುವ ಹದಿಹರೆಯದ ಡೇಮಿಯನ್ ತಾನು ಯಾರೆಂಬುದನ್ನು ಪ್ರಕಟನೆ ಗ್ರಂಥದಲ್ಲಿ ಓದಿ, ತನ್ನ ನೆತ್ತಿಯ ಗುರುತನ್ನು ಕನ್ನಡಿಯಲ್ಲಿ ಕಂಡು, ನೀರಿನ ಅಂಚಿಗೆ ಓಡಿಹೋಗಿ ‘ನಾನೇ ಏಕೆ?’ ಎಂದು ಕೂಗುತ್ತಾನೆ. ಕೇಡಿನ ಬೀಜವಾಗಿ ಹುಟ್ಟಿದವನಿಗೂ ಆ ಹುಟ್ಟು ಬೇಕಾಗಿರಲಿಲ್ಲ. ಮುಂದೆ ಸೋದರನಂತೆ ಬೆಳೆದ ಮಾರ್ಕ್ ಅವನ ಪಕ್ಷವನ್ನು ಸೇರಲು ನಿರಾಕರಿಸಿದಾಗ ಡೇಮಿಯನ್ ಅವನನ್ನು ಕೊಲ್ಲುತ್ತಾನೆ, ಕೊಂದು ಅಳುತ್ತಾನೆ. ಆ ಅಳುವಿನಲ್ಲಿ ಸೋಗಿಲ್ಲ. ಆಯ್ಕೆಯ ಸ್ವಾತಂತ್ರ್ಯ ಇನ್ನೂ ಕ್ಷೀಣವಾಗಿ ಉಸಿರಾಡುತ್ತಿದ್ದ ಜೀವವೊಂದು ಅದನ್ನು ತಾನೇ ಹಿಸುಕಿದ ಕ್ಷಣವದು. ವಿಲಿಯಂ ಹೋಲ್ಡನ್ ಅವರಂಥ ಹಿರಿಯ ನಟ ಚಿತ್ರದಲ್ಲಿದ್ದರೂ ನೆನಪಿನಲ್ಲಿ ನಿಲ್ಲುವುದು ಆ ಹುಡುಗನ ಕೂಗು.

ಈಗ ಡೀಲಿಯಾಳ ಕಡೆಗೆ ತಿರುಗಿದರೆ ಕಾಣುವುದೇನು? ಅವಳಿಗೆ ಕೂಗಲು ಒಂದು ಘಳಿಗೆಯನ್ನೂ ಯಾರೂ ಕೊಟ್ಟಿಲ್ಲ. ತೊಟ್ಟಿಲಿನಿಂದಲೇ ಅವಳು ದುಷ್ಟೆ. ಕ್ಯಾಮೆರಾ ಅವಳನ್ನು ಕೆಳಗಿನಿಂದ, ಅರೆಗತ್ತಲಲ್ಲಿ, ಹುಬ್ಬಿನ ಕೆಳಗಿಂದ ನೋಡುವ ಭಂಗಿಯಲ್ಲಿ ಮತ್ತೆ ಮತ್ತೆ ತೋರಿಸುತ್ತದೆ. ಅವಳಿಗೆ ಆಟವಿಲ್ಲ, ಜ್ವರವಿಲ್ಲ, ನಿದ್ದೆಗಣ್ಣಿನಲ್ಲಿ ಅಮ್ಮನನ್ನು ಕರೆಯುವುದಿಲ್ಲ. ಏಷಿಯಾ ವಿಯೇರಾ ಎಂಬ ಬಾಲನಟಿ ತನಗೆ ಒಪ್ಪಿಸಿದ ಒಂದೇ ಮುಖಭಾವವನ್ನು ನಿಷ್ಠೆಯಿಂದ ನಿರ್ವಹಿಸಿದ್ದಾಳೆ. ಆಕೆಯನ್ನು ದೂರುವುದು ಅನ್ಯಾಯ. ಎಂಟು ವರ್ಷದ ಪಾತ್ರಕ್ಕೆ ಬಾಲ್ಯವನ್ನೇ ಬರೆಯದವರು ದೊಡ್ಡವರು. ಮಗು ಮಗುವಾಗಿ ಕಾಣದಿದ್ದರೆ ಮಗುವಿಗೆ ಅಂಜಬೇಕಾಗಿ ಬಂದ ತಾಯಿಯ ಸಂಕಟವೂ ಕಾಣುವುದಿಲ್ಲ. ಪ್ರೀತಿಸಲು ಸಾಧ್ಯವೇ ಇಲ್ಲದುದನ್ನು ತ್ಯಜಿಸುವುದರಲ್ಲಿ ಯಾವ ತ್ಯಾಗವಿದೆ?

ಸಾಕ್ಷ್ಯಗಳ ಮಾತೂ ಹಾಗೆಯೇ. ಮೊದಲ ಚಿತ್ರದಲ್ಲಿ ಥಾರ್ನ್ ಒಂದೊಂದು ಕುರುಹಿಗಾಗಿ ದೇಶಾಂತರ ಅಲೆಯುತ್ತಾನೆ, ಸಿಕ್ಕಿದ ಪ್ರತಿಯೊಂದನ್ನೂ ನಂಬಲಾರದೆ ದೂಡುತ್ತಾನೆ. ಇಲ್ಲಿ ದಾದಿಯ ಬಳಿ ಸ್ಫಟಿಕದ ಹರಳುಗಳಿವೆ; ಮಗುವಿನ ಸನಿಹದಲ್ಲಿ ಅವು ಕಪ್ಪಾಗುತ್ತವೆ. ದೇಹದ ಸುತ್ತಲಿನ ಪ್ರಭೆಯನ್ನು ಹಿಡಿಯುವುದೆಂದು ಹೇಳಲಾದ ಛಾಯಾಚಿತ್ರದ ಯಂತ್ರವೊಂದಿದೆ. ಅದರ ಮುಂದೆ ಮಗುವನ್ನು ನಿಲ್ಲಿಸಿದರೆ ಸಾಕು, ತೀರ್ಪು ಕೈಗೆ ಬರುತ್ತದೆ. ಅತೀಂದ್ರಿಯ ವಿದ್ಯೆಗಳ ಮೇಳಕ್ಕೆ ಅವಳನ್ನು ಕರೆದೊಯ್ದರೆ ಮೇಳವೇ ಬೆಂಕಿಗೆ ಆಹುತಿಯಾಗುತ್ತದೆ. ಅಮೆರಿಕದಲ್ಲಿ ಎಂಬತ್ತರ ದಶಕದಲ್ಲಿ ಹಬ್ಬಿದ್ದ ಹರಳು–ಪ್ರಭೆಗಳ ಖಯಾಲಿಯನ್ನು ಚಿತ್ರಕಥೆ ಗೇಲಿ ಮಾಡುತ್ತಿದೆಯೋ ನಂಬುತ್ತಿದೆಯೋ ಎಂಬುದು ಸಹ ಸ್ಪಷ್ಟವಾಗುವುದಿಲ್ಲ. ಗೇಲಿಯಾಗಿದ್ದರೆ ಅದಕ್ಕೊಂದು ಮೊನೆ ಇರಬೇಕಿತ್ತು. ನಂಬಿಕೆಯಾಗಿದ್ದರೆ, ಒಂದು ಮಗುವಿನ ಅಂತರಂಗವನ್ನು ಕಲ್ಲಿನ ಬಣ್ಣದಿಂದ ಅಳೆಯುವುದು ಭಯಾನಕವಲ್ಲವೇ? ಚಿತ್ರಕ್ಕೆ ಅದು ತೋಚಿಯೇ ಇಲ್ಲ. ದೂರದರ್ಶನದ ಜಾಹೀರಾತಿನ ಬಿಡುವಿಗೆ ಮುನ್ನ ಒಂದು ಬೆಚ್ಚುವಿಕೆ ಬೇಕು. ಬಿಡುವಿನ ಬಳಿಕ ಇನ್ನೊಂದು ಬೇಕು. ಹರಳು ಕಪ್ಪಾದರೆ ಒಂದು ಬಿಡುವು ಸಾಗುತ್ತದೆ.

ಸಾವುಗಳು ಕೂಡ ಹೀಗೆಯೇ ಬಂದುಹೋಗುತ್ತವೆ. ಪತ್ತೇದಾರ ಅರ್ಲ್ ನೈಟ್ ಪಾತ್ರವನ್ನು ಮೈಕೇಲ್ ಲರ್ನರ್ ವಹಿಸಿದ್ದಾರೆ. ಅದೇ ವರ್ಷದ ‘ಬಾರ್ಟನ್ ಫಿಂಕ್’ ಚಿತ್ರದ ಅಭಿನಯಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದ ನಟ. ಕಸುಬಿನಲ್ಲಿ ನುರಿತ, ಸ್ವಲ್ಪ ದಣಿದ, ಮೂಲತಃ ಸಜ್ಜನನಾದ ವ್ಯಕ್ತಿಯನ್ನು ಅವರು ನಾಲ್ಕಾರು ದೃಶ್ಯಗಳಲ್ಲೇ ನಿಲ್ಲಿಸುತ್ತಾರೆ. ಆ ಮನುಷ್ಯ ಕಬ್ಬಿಣದ ಗುಂಡಿಗೆ ಸಿಕ್ಕಿ ಸಾಯುವ ರೀತಿ ಮಾತ್ರ ಹಾಸ್ಯಚಿತ್ರಕ್ಕೆ ಒಪ್ಪುವಂಥದು. ಮೊದಲ ಚಿತ್ರದಲ್ಲಿ ಛಾಯಾಗ್ರಾಹಕನ ಸಾವೂ ಘೋರವಾಗಿಯೇ ಇತ್ತು. ಆದರೆ ಅವನ ಸಾವಿಗೆ ಮುಂಚಿನ ಕ್ಷಣವೇನೆಂದರೆ, ಮಗುವನ್ನು ಕೊಲ್ಲಲಾರೆನೆಂದು ಥಾರ್ನ್ ಎಸೆದ ಕಠಾರಿಗಳನ್ನು ಆರಿಸಿಕೊಳ್ಳಲು ಅವನು ಬಾಗಿದ್ದ. ‘ನೀನು ಮಾಡದಿದ್ದರೆ ನಾನು ಮಾಡುತ್ತೇನೆ’ ಎಂಬ ಸಂಕಲ್ಪದೊಡನೆ ಆ ಸಾವಿಗೆ ನೀತಿಯ ಸಂಬಂಧವಿತ್ತು. ಇಲ್ಲಿ ಸಾವಿಗೂ ಸತ್ತವನ ನಡತೆಗೂ ಯಾವ ಸಂಬಂಧವೂ ಉಳಿದಿಲ್ಲ. ಲೆಕ್ಕ ಹೆಚ್ಚುತ್ತದೆ, ಭಾರ ಹೆಚ್ಚುವುದಿಲ್ಲ.

ದತ್ತು ಸ್ವೀಕಾರದ ವಿಷಯಕ್ಕೆ ಬಂದಾಗ ಈ ಚಿತ್ರ ಕೇವಲ ನೀರಸವಾಗಿ ಉಳಿಯದೆ ಆಕ್ಷೇಪಾರ್ಹವಾಗುತ್ತದೆ. ಮೊದಲ ಚಿತ್ರದಲ್ಲಿಯೂ ಮಗು ಸಾಕುಮಗುವೇ. ಆದರೆ ಅಲ್ಲಿ ವಿಪತ್ತಿನ ಮೂಲ ಬೇರೆಯವರ ಮಗುವನ್ನು ಎದೆಗೆ ಅಪ್ಪಿಕೊಂಡದ್ದರಲ್ಲಿ ಇರಲಿಲ್ಲ. ತಾಯಿಗೆ ಸುಳ್ಳು ಹೇಳಿದ್ದರಲ್ಲಿ ಇತ್ತು. ಯಾರ್ಕ್ ದಂಪತಿ ಯಾರಿಗೂ ಸುಳ್ಳು ಹೇಳಲಿಲ್ಲ, ಯಾವ ಅಡ್ಡದಾರಿಯನ್ನೂ ಹಿಡಿಯಲಿಲ್ಲ. ಅನಾಥ ಶಿಶುವೊಂದನ್ನು ಮನೆಗೆ ತಂದರು, ಅಷ್ಟೆ. ಕಥೆಯ ತರ್ಕದ ಪ್ರಕಾರ ಅವರ ಏಕೈಕ ತಪ್ಪು ಅದೇ. ಸಂನ್ಯಾಸಿನಿ, ವೈದ್ಯ ಮುಂತಾದವರ ಒಳಸಂಚನ್ನು ಚಿತ್ರ ಹೇಳುತ್ತದೆಯಾದರೂ, ನೋಡಿದವನ ಮನಸ್ಸಿನಲ್ಲಿ ಉಳಿಯುವುದು ‘ಯಾರ ರಕ್ತವೋ ಏನೋ’ ಎಂಬ ಹಳೆಯ ಕ್ರೂರ ಗೊಣಗಾಟ. ತಾನು ಎಲ್ಲಿಂದ ಬಂದೆನೆಂದು ತಿಳಿಯಬಯಸುವ ಸಾಕುಮಕ್ಕಳು, ತಿಳಿಸಬೇಕೆ ಬೇಡವೆ ಎಂದು ತೊಳಲುವ ತಂದೆತಾಯಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಅಂಥ ಮನೆಯೊಂದರ ಪಡಸಾಲೆಯಲ್ಲಿ, ಎಲ್ಲರೂ ಒಟ್ಟಿಗೆ ಕುಳಿತು ನೋಡುವ ಪೆಟ್ಟಿಗೆಯಲ್ಲಿ ಈ ಚಿತ್ರ ಪ್ರಸಾರವಾಯಿತೆಂಬುದನ್ನು ನೆನೆದರೆ ನಿರ್ಮಾಪಕರ ಅಜಾಗರೂಕತೆ ಅರಿವಾಗುತ್ತದೆ. ಚಿತ್ರಮಂದಿರಕ್ಕೆ ಹೋಗುವವನು ಇಚ್ಛೆಯಿಂದ ಹೋಗುತ್ತಾನೆ. ದೂರದರ್ಶನ ಮನೆಗೇ ಬಂದು ಕೂರುತ್ತದೆ.

ರಕ್ತದಲ್ಲಿ ಕೇಡು ಹರಿಯುತ್ತದೆಂಬ ವಿಚಾರವನ್ನು ಕಥೆ ಎತ್ತಿಕೊಳ್ಳಲೇಬಾರದೆಂದಲ್ಲ. ವಿಲಿಯಂ ಮಾರ್ಚ್ 1954ರಲ್ಲಿ ಪ್ರಕಟಿಸಿದ ‘ದಿ ಬ್ಯಾಡ್ ಸೀಡ್’ ಕಾದಂಬರಿಯಲ್ಲಿ ಎಂಟು ವರ್ಷದ ರೋಡಾ ಎಂಬ ನಯವಿನಯದ ಬಾಲಕಿ ಸುಂದರ ಕೈಬರಹದ ಪದಕಕ್ಕಾಗಿ ಸಹಪಾಠಿಯನ್ನು ಕೊಲ್ಲುತ್ತಾಳೆ. ಅವಳ ತಾಯಿ ಕ್ರಿಸ್ಟೀನ್, ತಾನೇ ಸಾಕುಮಗಳೆಂದೂ ತನ್ನ ಹೆತ್ತ ತಾಯಿ ಸರಣಿ ಕೊಲೆಗಾರ್ತಿಯೆಂದೂ ಕಂಡುಕೊಳ್ಳುತ್ತಾಳೆ. ಆ ಸಿದ್ಧಾಂತ ಇಂದು ಒಪ್ಪತಕ್ಕದ್ದಲ್ಲ. ಕ್ರಿಸ್ಟೀನ್‌ಳೇ ಅದಕ್ಕೆ ಪ್ರತ್ಯಕ್ಷ ಆಕ್ಷೇಪ: ಕೊಲೆಗಾರ್ತಿಯ ಮಗಳಾದ ಅವಳು ಒಬ್ಬ ಮೃದುಹೃದಯದ ಸ್ತ್ರೀ. ಆದರೂ ಮಗಳಿಗೆ ತಾನೇ ನಿದ್ದೆಗುಳಿಗೆ ನುಂಗಿಸಿ ತನ್ನ ಜೀವವನ್ನೂ ತೆಗೆದುಕೊಳ್ಳುವ ಆ ತಾಯಿಯ ಕೊನೆಯ ದಿನಗಳನ್ನು ಓದಿದವರು ಮರೆಯುವುದಿಲ್ಲ. ಕಾದಂಬರಿಯಲ್ಲಿ ತಾಯಿ ಸಾಯುತ್ತಾಳೆ, ಮಗಳು ಬದುಕುತ್ತಾಳೆ. 1956ರಲ್ಲಿ ಮರ್ವಿನ್ ಲೆರಾಯ್ ಇದನ್ನು ಚಿತ್ರಿಸಿದಾಗ, ಅಪರಾಧಿಗೆ ಶಿಕ್ಷೆಯಾಗಲೇಬೇಕೆಂಬ ಹಾಲಿವುಡ್ಡಿನ ಅಂದಿನ ನಿರ್ಮಾಣಸಂಹಿತೆಗೆ ಮಣಿದು ತಾಯಿಯನ್ನು ಬದುಕಿಸಿದರು, ಮಗಳನ್ನು ಸಿಡಿಲಿಗೆ ಒಪ್ಪಿಸಿದರು. ಮನುಷ್ಯರು ಉತ್ತರಿಸಬೇಕಾದ ಪ್ರಶ್ನೆಗೆ ಆಕಾಶದಿಂದ ಉತ್ತರ ತರಿಸಿದ ಉಪಾಯವದು. 1985ರ ದೂರದರ್ಶನದ ಆವೃತ್ತಿ ಕಾದಂಬರಿಯ ಮುಕ್ತಾಯಕ್ಕೆ ಮರಳಿತು. ಸಿಡಿಲಿನ ಸುಲಭೋಪಾಯವನ್ನು ಸಹ ಬೇಡವೆಂದ ‘ಓಮೆನ್ 4’, ಪ್ರಶ್ನೆಯನ್ನೇ ಎತ್ತದಿರುವ ಇನ್ನೂ ಸುಲಭವಾದ ಉಪಾಯವನ್ನು ಕಂಡುಕೊಂಡಿದೆ.

ಇಷ್ಟಾಗಿಯೂ ಚಿತ್ರದಲ್ಲಿ ಒಂದು ಜೀವಂತ ಅಂಶವಿದೆಯೆಂದು ಒಪ್ಪಬೇಕು. ಕರೆನ್ ಪಾತ್ರದ ಫೇ ಗ್ರಾಂಟ್ ತಮಗೆ ದೊರೆತ ದುರ್ಬಲ ಸಂಭಾಷಣೆಗಳ ನಡುವೆಯೂ, ಮಗುವನ್ನು ಮುಟ್ಟಲು ಚಾಚಿದ ಕೈ ಅರ್ಧದಲ್ಲೇ ನಿಲ್ಲುವ ತಾಯಿಯೊಬ್ಬಳನ್ನು ಅಲ್ಲಲ್ಲಿ ತೋರಿಸುತ್ತಾರೆ. ಗಂಡನಿಗೆ ಚುನಾವಣೆ, ಸಭೆ, ಗಣ್ಯರ ಒಡನಾಟ. ಅವಳ ಅಂಜಿಕೆಯನ್ನು ಕೇಳಲು ಮನೆಯಲ್ಲಿ ಯಾರೂ ಇಲ್ಲ. ತಾನು ಪ್ರೀತಿಸಬೇಕಾದುದನ್ನು ಪ್ರೀತಿಸಲಾರದ ಸ್ತ್ರೀಯ ನಾಚಿಕೆ ಎಂಥದೆಂಬುದನ್ನು ಚಿತ್ರ ಈ ದಾರಿಯಲ್ಲಿ ಹಿಡಿಯಬಹುದಿತ್ತು. ಮಗುವನ್ನು ಹಡೆದ ಅಥವಾ ಪಡೆದ ಎಲ್ಲ ತಾಯಂದಿರಿಗೂ ಮಮತೆ ತಾನಾಗಿ ಉಕ್ಕುವುದಿಲ್ಲವೆಂಬುದು ವೈದ್ಯರು ಬಲ್ಲ ಸಂಗತಿ, ಮನೆಗಳು ಮುಚ್ಚಿಡುವ ಸಂಗತಿ. ಆದರೆ ಹರಳುಗಳೂ ಪ್ರಭೆಯ ಛಾಯಾಚಿತ್ರಗಳೂ ಕರೆನ್‌ಳೇ ಸರಿಯೆಂದು ಆಗಲೇ ಸಾರಿಬಿಟ್ಟಿವೆ. ಅವಳು ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕಾದ ಅಗತ್ಯವೇ ಉಳಿಯುವುದಿಲ್ಲ. ಕೊನೆಯಲ್ಲಿ ಕೈಯಲ್ಲಿ ಪಿಸ್ತೂಲು ಹಿಡಿದ ಅವಳು ತೊಟ್ಟಿಲ ಕೂಸಿನ ಮುಂದೆ ಬಂದು ನಿಲ್ಲುತ್ತಾಳೆ. ಗುಂಡು ತಾಗುವುದು ಅವಳಿಗೇ. ಥಾರ್ನ್‌ನ ಎತ್ತಿದ ಕೈಯೊಡನೆ ಹೋಲಿಸಬಹುದಾದ ದೃಶ್ಯ ಇದೊಂದೇ. ಅಲ್ಲಿ ತಂದೆಯ ಕೈಯನ್ನು ತಡೆದದ್ದು ಪ್ರೀತಿ. ಇಲ್ಲಿ ತಾಯಿಯ ಕೈಯನ್ನು ತಿರುಗಿಸಿದ್ದು ಮಾಟದ ನೋಟ. ಮನುಷ್ಯನ ಮನಸ್ಸಿನಿಂದ ಹೋರಾಟವನ್ನು ಕಿತ್ತು ಕಣ್ಣಿನ ಮಿಂಚಿಗೆ ಒಪ್ಪಿಸಿದ ಮೇಲೆ ಅಲ್ಲಿ ನೋಡಲು ಏನು ಉಳಿಯಿತು?

ಇವೆಲ್ಲ ಕಟ್ಟುಕಥೆ, ಮನರಂಜನೆಗಾಗಿ ಹೇಳಿದ್ದು, ಇಷ್ಟು ಗಂಭೀರವಾಗಿ ತೂಗಬೇಕೇ ಎಂದು ಕೇಳುವವರಿರಬಹುದು. ಮಗುವೊಂದು ಕೇಡಿನ ಆವಾಸವೆಂಬ ನಂಬಿಕೆ ಕಟ್ಟುಕಥೆಯಾಗಿಯೇ ಉಳಿದಿದ್ದರೆ ತೂಗಬೇಕಾಗಿರಲಿಲ್ಲ. ಲಂಡನ್ನಿನಲ್ಲಿ 2000ನೆಯ ಇಸವಿಯ ಫೆಬ್ರವರಿಯಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳು ಪೋಷಕರ ಸ್ಥಾನದಲ್ಲಿದ್ದವರ ದೀರ್ಘಕಾಲದ ಹಿಂಸೆಯಿಂದ ಸತ್ತಳು. ಅವಳೊಳಗೆ ದುಷ್ಟಶಕ್ತಿ ಸೇರಿದೆಯೆಂಬ ಮಾತು ಅವಳನ್ನು ಕರೆದೊಯ್ದ ಪ್ರಾರ್ಥನಾಸ್ಥಳಗಳಲ್ಲಿಯೂ ಕೇಳಿಬಂದಿತ್ತು. ಲಾರ್ಡ್ ಲ್ಯಾಮಿಂಗ್ ನಡೆಸಿದ ವಿಚಾರಣೆಯ ವರದಿ 2003ರಲ್ಲಿ ಹೊರಬಂದು ಮರುವರ್ಷ ಬ್ರಿಟನ್ನಿನ ಮಕ್ಕಳ ಕಾಯಿದೆ ತಿದ್ದುಪಡಿಗೊಂಡಿತು. ನೈಜೀರಿಯಾದ ಅಕ್ವಾ ಇಬೊಮ್ ರಾಜ್ಯದಲ್ಲಿ ಮಾಟಗಾರರೆಂಬ ಹಣೆಪಟ್ಟಿ ಹೊತ್ತ ಮಕ್ಕಳನ್ನು ಹೊಡೆದು ಬೀದಿಗೆ ಅಟ್ಟುವುದು ಎಷ್ಟು ಹಬ್ಬಿತೆಂದರೆ, ಮಗುವನ್ನು ಮಾಟಗಾರ ಎಂದು ಕರೆಯುವುದನ್ನೇ ಅಪರಾಧವೆಂದು ಸಾರುವ ಕಾನೂನನ್ನು 2008ರಲ್ಲಿ ತರಬೇಕಾಯಿತು. ಇವುಗಳಿಗೆ ಒಂದು ಹಳೆಯ ದೂರದರ್ಶನ ಚಿತ್ರವನ್ನು ಹೊಣೆಯಾಗಿಸುವುದು ಅವಿವೇಕ. ಆದರೆ ಆ ಮನೆಗಳ ಹಿರಿಯರಿಗೂ ಸಂದೇಹವಿರಲಿಲ್ಲ. ಹಾಸಿಗೆಯಲ್ಲಿ ಉಚ್ಚೆ ಹೊಯ್ದದ್ದು, ಸಿಟ್ಟಿನಿಂದ ದಿಟ್ಟಿಸಿದ್ದು, ಮನೆಯಲ್ಲಿ ಯಾರಿಗೋ ಕಾಯಿಲೆ ಬಿದ್ದದ್ದು ಎಲ್ಲವೂ ಅವರಿಗೆ ಕಪ್ಪಾದ ಹರಳುಗಳಾಗಿ ಕಂಡವು. ಥಾರ್ನ್‌ನ ಕಥೆ ನೋಡುವವನನ್ನು ಆ ನಿಶ್ಚಯದ ಅಂಚಿಗೆ ಕೊಂಡೊಯ್ದು ಅದರ ಘೋರವನ್ನು ತೋರಿಸಿತು. ಡೀಲಿಯಾಳ ಕಥೆ ಅದೇ ನಿಶ್ಚಯವನ್ನು ಮೊದಲ ಹತ್ತು ನಿಮಿಷಗಳಲ್ಲೇ ಉಚಿತವಾಗಿ ಹಂಚುತ್ತದೆ.

ನಾಲ್ಕನೆಯ ಚಿತ್ರ ಮೊದಲನೆಯದರಂತೆಯೇ ಶವಸಂಸ್ಕಾರದ ದೃಶ್ಯದೊಂದಿಗೆ ಮುಗಿಯುತ್ತದೆ. ತಾಯಿಯ ಶವಪೆಟ್ಟಿಗೆಯ ಬಳಿ ತಂದೆ, ಮಗಳು, ಕೈಗೂಸು. ಅನುಕರಣೆ ಎಷ್ಟು ನೇರವಾಗಿದೆಯೆಂದರೆ ಹೋಲಿಕೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಮೊದಲ ಚಿತ್ರದ ಚಿತ್ರಕಥೆಯಲ್ಲಿ ಬಾಲಕನೂ ಸಾಯುವುದಿತ್ತು. ಅವನು ಬದುಕಿದರೆ ಹೇಗೆ ಎಂಬ ಸೂಚನೆ ಬಂದದ್ದು ಸ್ಟುಡಿಯೋದ ಮುಖ್ಯಸ್ಥ ಅಲನ್ ಲ್ಯಾಡ್ ಕಿರಿಯರಿಂದ. ಹಾಗಾಗಿ ಕೊನೆಯ ಚಿತ್ರಿಕೆಯಲ್ಲಿ ಡೇಮಿಯನ್ ಸಮಾಧಿಯ ಕಡೆಯಿಂದ ಹೊರಳಿ ನೋಡಿ ನಗುತ್ತಾನೆ. ಆ ಪಾತ್ರ ವಹಿಸಿದ ಹಾರ್ವೆ ಸ್ಟೀಫನ್ಸ್ ಆಗ ಪುಟ್ಟ ಹುಡುಗ. ಹೊಂಬಣ್ಣದ ಕೂದಲಿಗೆ ಕಪ್ಪು ಬಣ್ಣ ಹಚ್ಚಲಾಗಿತ್ತು. ಆಯ್ಕೆಯ ದಿನ ತಮ್ಮ ಮೇಲೆ ಎರಗಿ ಹೊಡೆಯುವಂತೆ ಡೊನರ್ ಹುಡುಗರಿಗೆ ಹೇಳಿದಾಗ ಇವನೇ ಎಲ್ಲರಿಗಿಂತ ಜೋರಾಗಿ ಗುದ್ದಿದನಂತೆ. ಕೊನೆಯ ದೃಶ್ಯವನ್ನು ತೆಗೆಯುವಾಗ ಡೊನರ್ ಕ್ಯಾಮೆರಾದ ಹಿಂದೆ ನಿಂತು, ನಗಬೇಡ, ನಕ್ಕರೆ ನಿನ್ನ ಸ್ನೇಹ ಬಿಟ್ಟೆ ಎಂದು ಗದರಿಸುತ್ತಾ ಹೋದರು. ಹುಡುಗ ತಡೆದುಕೊಂಡ, ತಡೆದುಕೊಂಡ, ಕೊನೆಗೆ ತುಟಿ ಬಿರಿಯಿತು.